ಧಾರವಾಡಕ್ಕೆ ಮನೆ, ಮಂಗಳೂರಿಗೆ ಮೀನು

1969ರಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ ತೆರೆಯಿತು. ಐದು ವರ್ಷ ಕಳೆದು, 1974ರಲ್ಲಿ, ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಧಾರವಾಡದಲ್ಲಿ ಶುರುವಾಯಿತು. ಎರಡಕ್ಕೂ ತಾಯಿಮನೆ ಒಂದೇ: ಬೆಂಗಳೂರು ಹೆಬ್ಬಾಳದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ. ಒಂದು ಕಾಲೇಜು ಮೀನನ್ನು ಓದಿತು, ಇನ್ನೊಂದು ಮನೆಯನ್ನು ಓದಿತು. ಮೀನೂ ಮನೆಯೂ ಒಂದೇ ಸೂರಿನಡಿ ಇರುವ ಬೆಂಗ್ರೆಯ ಸ್ಮರಣ ಸಂಚಿಕೆಯಲ್ಲಿ ಈ ಎರಡು ಕಾಲೇಜುಗಳ ಕಥೆಯನ್ನು ಒಟ್ಟಿಗೆ ಹೇಳಬೇಕೆಂಬ ಆಸೆ ನನಗೆ ಹಳೆಯದು. ಬೆಂಗ್ರೆಯಲ್ಲಿ ಗೃಹವಿಜ್ಞಾನ ಕಾಲೇಜೇ ಇಲ್ಲವಲ್ಲ, ಇದೇನು ಸಂಬಂಧ ಎಂದು ಕೇಳುವವರು ಸ್ವಲ್ಪ ತಾಳಿಕೊಂಡು ಓದಬೇಕು. ಸಂಬಂಧ ಇದೆ. ಅದು ಧಾರವಾಡಕ್ಕಿಂತ, ಹೆಬ್ಬಾಳಕ್ಕಿಂತ ಹಿಂದಿನದು.

ನಮ್ಮ ಊರು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಬಡಗಿನಲ್ಲಿ ತಣ್ಣೀರುಬಾವಿ, ಪಣಂಬೂರಿನ ಕಡೆಗೆ ನೆಲದ ದಾರಿ. ತೆಂಕಿನಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಸಮುದ್ರ ಸೇರುವ ಅಳಿವೆಬಾಗಿಲು. ಪೇಟೆಗೆ ಹೋಗಬೇಕಾದರೆ ಸುಲ್ತಾನ್ ಬತ್ತೇರಿಗೋ ಬಂದರಿಗೋ ದೋಣಿ. ತೋಟ ಬೆಂಗ್ರೆಯಲ್ಲಿ ಮೊಗವೀರರ ಮನೆಗಳು, ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳ ಮನೆಗಳು ಹೆಚ್ಚು. ಕಡಲಿಗೆ ಹೋಗುವವರು ಗಂಡಸರು. ಬಂದ ಮೀನು ಹಣವಾಗುವುದು, ಹಣ ಅಕ್ಕಿಯಾಗುವುದು, ಅಕ್ಕಿ ಶಾಲೆಯ ಫೀಸಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದು ಬಹುಪಾಲು ಹೆಂಗಸರ ಕೈಯಲ್ಲಿ. ವಿಶ್ವವಿದ್ಯಾಲಯಗಳು ಇದಕ್ಕೆ ಕುಟುಂಬ ಸಂಪನ್ಮೂಲ ನಿರ್ವಹಣೆ ಎಂದು ಹೆಸರಿಟ್ಟು ಅಂಕ ಕೊಡುತ್ತವೆ.

ಈಗ ಹಿಂದಿನ ಕಥೆಗೆ ಬರೋಣ. ಗೃಹವಿಜ್ಞಾನ ಅಮೆರಿಕದಿಂದ ನೇರವಾಗಿ ಕೃಷಿ ವಿಶ್ವವಿದ್ಯಾಲಯಗಳಿಗೆ ಇಳಿಯಿತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ಅರ್ಧ ಮಾತ್ರ. ಉಳಿದ ಅರ್ಧದಲ್ಲಿ ಮಂಗಳೂರು ಬರುತ್ತದೆ.

ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಪತಿಯೊಡನೆ ಭಾರತಕ್ಕೆ ಬಂದದ್ದು 1915ರಲ್ಲಿ. ತಮ್ಮ ನಾಡಿನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಜೈಲು ಕಂಡು ಬಂದಿದ್ದವರು. 1919-20ರಲ್ಲಿ ಅವರು ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. ಹುಡುಗಿಯರ ಶಿಕ್ಷಣದಲ್ಲಿ ಏನು ಕಲಿಸಬೇಕು, ಏಕೆ ಕಲಿಸಬೇಕು ಎಂಬ ಪ್ರಶ್ನೆ ಅವರನ್ನು ಮುಂದೆಯೂ ಬಿಡಲಿಲ್ಲ. ದೇಶದ ನಾನಾ ಕಡೆಯ ಮಹಿಳೆಯರಿಗೆ ಅವರು ಪತ್ರ ಬರೆದು ಕರೆದದ್ದರಿಂದ 1927ರ ಜನವರಿಯಲ್ಲಿ ಪುಣೆಯಲ್ಲಿ ಸಭೆ ಸೇರಿತು. ಸಭೆಯ ವಿಷಯ ಹೆಣ್ಣುಮಕ್ಕಳ ಶಿಕ್ಷಣ. ಅದೇ ಅಖಿಲ ಭಾರತ ಮಹಿಳಾ ಸಮ್ಮೇಳನವಾಯಿತು.

ಆ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದವರು ಮಂಗಳೂರಿನ ಮಗಳು, ಕಮಲಾದೇವಿ ಚಟ್ಟೋಪಾಧ್ಯಾಯ. 1903ರ ಏಪ್ರಿಲ್ 3ರಂದು ಇಲ್ಲೇ ಹುಟ್ಟಿದವರು. ಅವರ ಬಾಲ್ಯದ ಒಂದು ಸಂಗತಿಯನ್ನು ಗೃಹವಿಜ್ಞಾನದ ಯಾವ ಪಠ್ಯದಲ್ಲಾದರೂ ಮೊದಲ ಪಾಠವಾಗಿ ಇಡಬಹುದು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಆ ಹಣವನ್ನು ಬೇಡವೆಂದು, ತವರಿನಿಂದ ತಂದ ಸೊತ್ತಿನಲ್ಲೇ ಮಕ್ಕಳನ್ನು ಬೆಳೆಸಿದರು. ಮನೆ ನಡೆಸುವುದೆಂದರೆ ಅಡುಗೆ ಕೋಣೆಯ ಸಂಗತಿ ಮಾತ್ರವೆಂದು ತಿಳಿದವರು ಈ ಪ್ರಸಂಗವನ್ನು ನೆನೆಯಬೇಕು. ಮುಂದೆ 1926ರಲ್ಲಿ, ಕಸಿನ್ಸ್ ಅವರ ಒತ್ತಾಸೆಯಿಂದ, ಕಮಲಾದೇವಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಸಣ್ಣ ಅಂತರದಲ್ಲಿ ಸೋತರು. ಸೋತದ್ದು ಒಳ್ಳೆಯದೇ ಆಯಿತೆನ್ನಬೇಕು. ಗೆದ್ದಿದ್ದರೆ ಆ ಕಾಲದ ಶಾಸನಸಭೆ ಅವರನ್ನು ನುಂಗಿಹಾಕುತ್ತಿತ್ತು.

ಮಹಿಳಾ ಸಮ್ಮೇಳನದ ಒತ್ತಾಯದ ಫಲವಾಗಿ 1932ರ ನವೆಂಬರಿನಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ದೇಶದಲ್ಲಿ ಗೃಹವಿಜ್ಞಾನವನ್ನು ಮುಖ್ಯ ವಿಷಯವಾಗಿಟ್ಟುಕೊಂಡು ಎದ್ದ ಮೊದಮೊದಲ ಕಾಲೇಜುಗಳಲ್ಲಿ ಅದೂ ಒಂದು. ಆಮೇಲೆ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ, ಹಂಸಾ ಮೆಹ್ತಾ ಕುಲಪತಿಯಾಗಿದ್ದಾಗ, 1950ರಲ್ಲಿ ಗೃಹವಿಜ್ಞಾನಕ್ಕೆಂದೇ ಒಂದು ನಿಕಾಯ ಬಂತು. ಮಾನವ ಹಕ್ಕುಗಳ ಜಾಗತಿಕ ಘೋಷಣೆಯ ಮೊದಲ ಕಲಮಿನಲ್ಲಿ ಗಂಡಸರೆಲ್ಲರೂ ಎಂಬ ಅರ್ಥ ಬರುವ ಮಾತನ್ನು ತೆಗೆಸಿ ಮಾನವರೆಲ್ಲರೂ ಎಂದು ಬರೆಸಿದ ಹಂಸಾ ಮೆಹ್ತಾ ಅವರೇ ಇವರು. ಮನೆಗೆಲಸದ ವಿದ್ಯೆ ಹೆಂಗಸನ್ನು ಮನೆಯೊಳಗೆ ಕಟ್ಟಿಹಾಕಲು ಬಂದದ್ದು ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಟೀಕೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಅದನ್ನು ಕಟ್ಟಿದವರ ಪಟ್ಟಿ ನೋಡಿದರೆ, ಮನೆಯೊಳಗೆ ಕುಳಿತವರ ಹೆಸರು ಅದರಲ್ಲಿ ಕಾಣುವುದಿಲ್ಲ.

ಅಮೆರಿಕದ ಅರ್ಧವನ್ನೂ ಹೇಳಬೇಕು. ಅದನ್ನು ಹೇಳಲು ಬೆಂಗ್ರೆಯ ಬಾವಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಎಲೆನ್ ಸ್ವಾಲೋ ರಿಚರ್ಡ್ಸ್ ರಸಾಯನ ವಿಜ್ಞಾನಿ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಸೇರಿಸಿಕೊಂಡ ಮೊದಲ ಹೆಂಗಸು. 1873ರಲ್ಲಿ ಪದವಿ ಪಡೆದರು. 1887ರಿಂದ ಅವರು ಆ ರಾಜ್ಯದ ಕೆರೆ, ಹೊಳೆ, ಬಾವಿಗಳ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿ, ನೀರಿನಲ್ಲಿ ಸಹಜವಾಗಿ ಇರಬೇಕಾದ ಉಪ್ಪಿನಂಶದ ನಕ್ಷೆ ತಯಾರಿಸಿದರು. ಕಡಲ ಬದಿಯಲ್ಲಿ ಉಪ್ಪು ಹೆಚ್ಚು, ಒಳನಾಡಿಗೆ ಹೋದಂತೆ ಕಡಿಮೆ. ಯಾವುದಾದರೂ ಬಾವಿಯಲ್ಲಿ ನಕ್ಷೆ ಹೇಳಿದ್ದಕ್ಕಿಂತ ಉಪ್ಪು ಜಾಸ್ತಿ ಕಂಡರೆ ಅಲ್ಲಿಗೆ ಚರಂಡಿಯ ನೀರು ಸೇರಿದೆ ಎಂದು ಅರ್ಥ. ಮನುಷ್ಯನ ಹೊಲಸಿನಲ್ಲೂ ಉಪ್ಪು ಇರುತ್ತದಲ್ಲ. ಇದೇ ರಿಚರ್ಡ್ಸ್ ಮುಂದೆ 1899ರಿಂದ ಲೇಕ್ ಪ್ಲಾಸಿಡ್ ಎಂಬಲ್ಲಿ ನಡೆದ ಸಭೆಗಳನ್ನು ಮುನ್ನಡೆಸಿದರು. 1909ರಲ್ಲಿ ಹುಟ್ಟಿದ ಅಮೆರಿಕದ ಗೃಹ ಅರ್ಥಶಾಸ್ತ್ರ ಸಂಘದ ಮೊದಲ ಅಧ್ಯಕ್ಷೆಯೂ ಅವರೇ. ಆ ಸಂಘ 1994ರಲ್ಲಿ ಕುಟುಂಬ ಮತ್ತು ಗ್ರಾಹಕ ವಿಜ್ಞಾನಗಳ ಸಂಘವೆಂದು ಹೆಸರು ಬದಲಿಸಿಕೊಂಡಿತು. ಹೀಗೆ ಈ ವಿದ್ಯೆಯ ಬೇರು ಕೇಕು, ಕಸೂತಿಗಿಂತ ಮೊದಲು ನೀರಿನಲ್ಲಿತ್ತು.

ರಿಚರ್ಡ್ಸ್ ಅವರ ನಕ್ಷೆಯ ಸೂತ್ರ ನಮ್ಮಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಮರಳ ಪಟ್ಟಿಯಡಿಯಲ್ಲಿ ಮಳೆಯ ಸಿಹಿನೀರು, ಅದಕ್ಕಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಸಮುದ್ರ ಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂದು ಡಚ್ಚರ ಬಾದೋನ್ ಗೈಬನ್, ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಲೆಕ್ಕ ಹಾಕಿ ತೋರಿಸಿದ್ದಾರೆ. ಇದರ ತಿರುವು ಮಗ್ಗುಲೂ ಅಷ್ಟೇ ನಿಜ: ಪಂಪು ಹಚ್ಚಿ ಮೇಲಿನ ಒಂದು ಅಡಿ ಎಳೆದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರುತ್ತದೆ. ಬಾವಿಯನ್ನು ಆಳಕ್ಕೆ ತೋಡಬಾರದು, ಬಿಂದಿಗೆಯಲ್ಲಿ ಸೇದಿದರೆ ಬಾಳುವ ಬಾವಿ ಪಂಪಿಗೆ ಬಾಳುವುದಿಲ್ಲ ಎಂಬ ಕಡಲಬದಿಯ ತಿಳಿವಳಿಕೆಗೆ ಇದೇ ಕಾರಣ. ಮಳೆಗಾಲ ಕಳೆದು ಸೆಕೆ ಏರಿದಂತೆ ಬಾವಿಯ ನೀರು ಉಪ್ಪಾಗುವುದು, ಬೇಳೆ ಬೇಯಲು ಹಟ ಮಾಡುವುದು, ಸಾಬೂನಿನ ನೊರೆ ಏಳದಿರುವುದು, ಎಲ್ಲವೂ ಒಂದೇ ಸಂಗತಿಯ ಬೇರೆಬೇರೆ ಮುಖ. ಅಡುಗೆ, ಬಟ್ಟೆ ಒಗೆತ, ಆರೋಗ್ಯ, ಖರ್ಚು ಈ ನಾಲ್ಕನ್ನೂ ಒಂದೇ ಬಾವಿಯಿಂದ ಸೇದಿ ತೋರಿಸಬಹುದಾದ ಊರು ಗೃಹವಿಜ್ಞಾನಕ್ಕೆ ಬೇರೆ ಎಲ್ಲಿ ಸಿಕ್ಕೀತು?

ಹೆಬ್ಬಾಳದ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಮೊದಲ ಕುಲಪತಿ ಕೆ. ಸಿ. ನಾಯಕ್. ಮಾದರಿ ಅಮೆರಿಕದ್ದು: 1862ರ ಮೊರಿಲ್ ಕಾಯ್ದೆಯಂತೆ ಸರ್ಕಾರದ ಜಮೀನಿನ ಬಲದ ಮೇಲೆ ಎದ್ದ ಅಲ್ಲಿನ ವಿಶ್ವವಿದ್ಯಾಲಯಗಳು. ಕಲಿಸುವುದು, ಸಂಶೋಧಿಸುವುದು, ಕಲಿತದ್ದನ್ನು ರೈತನ ಮನೆಬಾಗಿಲಿಗೆ ಒಯ್ಯುವುದು ಮೂರೂ ಒಂದೇ ಸಂಸ್ಥೆಯ ಹೊಣೆ. ಟೆನೆಸ್ಸೀ ವಿಶ್ವವಿದ್ಯಾಲಯದ ತಜ್ಞರು ಬೆಂಗಳೂರಿಗೆ ಬಂದು ನೆರವಾದರು. ಅಮೆರಿಕದಲ್ಲಿ ರೈತನಿಗೆ ಬೇಸಾಯ ಹೇಳಲು ಹೋದವರ ಜೊತೆ ರೈತನ ಹೆಂಡತಿಗೆ ಮನೆವಾರ್ತೆ ಹೇಳಲು ಮತ್ತೊಬ್ಬರು ಹೋಗುವುದು 1914ರ ಸ್ಮಿತ್–ಲೀವರ್ ಕಾಯ್ದೆಯ ಕಾಲದಿಂದ ರೂಢಿ. ಆ ರೂಢಿಯೊಂದಿಗೆ ಕೆಲವು ವಿಚಿತ್ರಗಳೂ ಇದ್ದವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಮಕ್ಕಳ ಪಾಲನೆ ಕಲಿಸಲು 1919ರಿಂದ ದಶಕಗಳ ಕಾಲ ಅನಾಥಾಲಯಗಳಿಂದ ನಿಜವಾದ ಹಸುಗೂಸುಗಳನ್ನೇ ಎರವಲು ತರುತ್ತಿದ್ದರು. ಸರದಿಯ ಮೇಲೆ ಹಲವು ತಾಯಂದಿರು, ಒಂದು ಕೂಸು. ಅದೃಷ್ಟಕ್ಕೆ ನಮ್ಮ ಕಾಲೇಜುಗಳು ಆವರಣದಲ್ಲಿ ಒಂದು ಶಿಶುವಿಹಾರ ನಡೆಸಿ, ಸಂಜೆ ಮಕ್ಕಳನ್ನು ಅವರವರ ಮನೆಗೆ ಕಳಿಸುವ ದಾರಿ ಹಿಡಿದವು.

ಕರ್ನಾಟಕದಲ್ಲಿ ಗೃಹವಿಜ್ಞಾನ ಧಾರವಾಡದ ಕಾಲೇಜಿಗೂ ಮೊದಲೇ ಇತ್ತು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು, ಶೇಷಾದ್ರಿ ರಸ್ತೆಯ ವಿ.ಎಚ್.ಡಿ. ಕೇಂದ್ರೀಯ ಗೃಹವಿಜ್ಞಾನ ಸಂಸ್ಥೆ ಇವು ಪಟ್ಟಣದ ಹುಡುಗಿಯರಿಗೆ ಅದನ್ನು ಕಲಿಸುತ್ತಿದ್ದವು. 1974ರಲ್ಲಿ ಹೊಸತಾದದ್ದು ಎಂದರೆ, ಕೃಷಿ ವಿಶ್ವವಿದ್ಯಾಲಯವೊಂದು ಈ ವಿಷಯವನ್ನು ಹಳ್ಳಿಗೆಂದೇ ಧಾರವಾಡದ ಯತ್ತಿನಗುಡ್ಡದ ಆವರಣದಲ್ಲಿ ತೆರೆದದ್ದು. 1947ರಿಂದ ಕೃಷಿ ಕಾಲೇಜು ಇದ್ದ ನೆಲವದು. ಆಹಾರ ಮತ್ತು ಪೋಷಣೆ, ಜವಳಿ ಮತ್ತು ಉಡುಪು, ಮಾನವ ಅಭಿವೃದ್ಧಿ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಎಂಬ ಐದು ವಿಭಾಗಗಳ ಸುತ್ತ ಕಾಲೇಜು ಬೆಳೆಯಿತು.

ಅದರ ಕೆಲಸ ನೋಡಿದರೆ ನೆಲದ ಗುರುತು ಎದ್ದು ಕಾಣುತ್ತದೆ. ನವಣೆ, ಸಾವೆಯಂಥ ಕಿರುಧಾನ್ಯಗಳಿಂದ ಸಕ್ಕರೆ ಕಾಯಿಲೆಯವರಿಗೆ ಒಗ್ಗುವ ತಿನಿಸು. ಬಣ್ಣ ಹಾಕದೆಯೇ ಕಂದು ಬಣ್ಣದಲ್ಲಿ ಬೆಳೆಯುವ ಹತ್ತಿಯಿಂದ ಖಾದಿ. ಕಸೂತಿ, ಇಳಕಲ್ ಸೀರೆ, ನವಲಗುಂದದ ಜಮಖಾನಗಳ ಅಧ್ಯಯನ. ಕಳೆ ತೆಗೆಯುವ, ಕಾಳು ಹಸನು ಮಾಡುವ ಹೆಂಗಸರ ಬೆನ್ನುನೋವಿನ ಲೆಕ್ಕ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಕೆಲಸ ಕಲಿಯುವ ಕ್ರಮವೂ ಬಂತು. ಇಂದು ಕಿರುಧಾನ್ಯಕ್ಕೆ ಪೇಟೆಯಲ್ಲಿ ಬಂದಿರುವ ಮರ್ಯಾದೆಯ ಹಿಂದೆ ಇಂಥ ಪ್ರಯೋಗಾಲಯಗಳ ಹಲವು ವರ್ಷಗಳ ದುಡಿಮೆ ಇದೆ. ಆ ಶ್ರೇಯಸ್ಸು ಜಾಹೀರಾತುಗಳಲ್ಲಿ ಕಾಣಿಸುವುದಿಲ್ಲ. ಆದರೆ ಇದೆಲ್ಲವೂ ಕಪ್ಪುಮಣ್ಣಿನ ಮನೆ, ಜೋಳದ ರೊಟ್ಟಿಯ ಮನೆ, ಹೊಲ ಇರುವ ಮನೆ. ಧಾರವಾಡದಲ್ಲಿ ಕೂತು ಅದನ್ನು ಓದಿದ್ದರಲ್ಲಿ ತಪ್ಪೇನೂ ಇಲ್ಲ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕಥೆ ಇದಕ್ಕೆ ಪೂರಕ. ಎಚ್. ಪಿ. ಸಿ. ಶೆಟ್ಟಿ ಅವರಂಥ ವಿಜ್ಞಾನಿಗಳು ಕಟ್ಟಿ ಬೆಳೆಸಿದ ಈ ಕಾಲೇಜು ಮೀನಿನ ಸಾಕಣೆ, ಬಲೆ ದೋಣಿಗಳ ತಂತ್ರ, ಸಂಸ್ಕರಣೆ, ಸೂಕ್ಷ್ಮಜೀವಿಗಳ ಅಧ್ಯಯನ ಎಲ್ಲಕ್ಕೂ ಹಾದಿ ಹಾಕಿತು. ಸೂಕ್ಷ್ಮಜೀವಿ ವಿಭಾಗದ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರ ಸಂಶೋಧನೆ ದೇಶದ ಗಡಿ ದಾಟಿ ಹೆಸರು ಮಾಡಿದೆ.

ಈ ಕಾಲೇಜು ಕಲಿಸುವ ಒಂದೇ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಮ್ಮ ಅಡುಗೆ ಕೋಣೆಗೆ ಸೀದಾ ಬರುತ್ತದೆ. ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಹಿಡಿದ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ತಿಂದವರಿಗೆ ಮುಖ ಕೆಂಪಾಗಿ ಮೈ ತುರಿಕೆ, ತಲೆನೋವು. ಅದನ್ನು ಮೀನಿನ ಅಲರ್ಜಿಯೆಂದು ಜೀವಮಾನವಿಡೀ ಬಂಗುಡೆ ಬಿಟ್ಟವರು ಇದ್ದಾರೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ, ಎಷ್ಟು ಹುಳಿ ಖಾರ ಅರೆದು ಹಾಕಿದರೂ ಹೋಗುವುದಿಲ್ಲ. ಹಾಗಾಗಿ ಊಟದ ಸುರಕ್ಷತೆ ನಿರ್ಧಾರವಾಗುವುದು ಒಲೆಯ ಮುಂದಲ್ಲ. ದೋಣಿಯಲ್ಲಿ, ಮೀನು ಇಳಿಸುವ ದಕ್ಕೆಯಲ್ಲಿ, ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿ ಇದ್ದ ಐಸಿನ ಪ್ರಮಾಣದಿಂದ. ಐಸಿನ ಖರ್ಚು ಯಾರು ಕೊಡಬೇಕು ಎಂಬುದು ಮನೆಯ ಅರ್ಥಶಾಸ್ತ್ರ. ಇಲ್ಲಿ ಮಂಗಳೂರಿನ ಪಾಠ ಮುಗಿದು ಧಾರವಾಡದ ಪಾಠ ಶುರುವಾಗುತ್ತದೆ. ಒಣಮೀನಿನದೂ ಇದೇ ಕಥೆ. ಮರಳ ಮೇಲೆ ಹರಡುವ ಬದಲು ಎತ್ತರಿಸಿದ ಚಪ್ಪರದಲ್ಲಿ ಒಣಗಿಸಿದರೆ ಮೀನು ಚೊಕ್ಕವಾಗಿರುತ್ತದೆ ಎಂದು ಮೀನು ವಿಜ್ಞಾನ ಹೇಳುತ್ತದೆ. ಚಪ್ಪರ ಕಟ್ಟಲು ಯಾರ ಹಿತ್ತಿಲು, ಕಾಗೆ ಓಡಿಸಲು ಯಾವ ಮಗು ಶಾಲೆ ತಪ್ಪಿಸಬೇಕು ಎಂಬುದನ್ನು ಇನ್ನೊಂದು ವಿಜ್ಞಾನ ಕೇಳಬೇಕು.

1974 ಬೆಂಗ್ರೆಗೂ ಮರೆಯಲಾಗದ ವರ್ಷ. ಆ ವರ್ಷದ ಮೇ ತಿಂಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅದರ ಹಿಂದೆಯೇ, ಎಪ್ಪತ್ತರ ದಶಕದ ನಡುವಿನಲ್ಲಿ, ಪರ್ಸಿನ್ ಬೋಟುಗಳು ಬಂದವು. ಅಲ್ಲಿವರೆಗೆ ಈ ಕರಾವಳಿಯ ಬಂಗುಡೆ, ಬೂತಾಯಿಗೆ ದೊಡ್ಡ ಬಲೆಯೆಂದರೆ ರಂಪಣಿ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ, ಬಂದದ್ದನ್ನು ಪಾಲು ಹಾಕುವ ಬಲೆ. ಮೀನು ಮನೆಯ ಅಂಗಳಕ್ಕೆ ಬಂದು ಬೀಳುತ್ತಿತ್ತು. ಪರ್ಸಿನ್ ಬೋಟು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುಹಾಕಿ ಹಿಡಿದು ಹೊಳೆಯಾಚೆ ದಕ್ಕೆಗೆ ತಂದಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು.

ಈ ಬದಲಾವಣೆಯನ್ನು ಟನ್ನುಗಳಲ್ಲಿ ಅಳೆದ ವರದಿಗಳು ಬೇಕಾದಷ್ಟಿವೆ. ಮನೆಯ ಲೆಕ್ಕದಲ್ಲಿ ಅಳೆದರೆ ಬೇರೆಯೇ ಚಿತ್ರ. ದಡದಲ್ಲಿ ಸಿಗುತ್ತಿದ್ದ ಪಾಲು ಈಗ ದಕ್ಕೆಯ ಏಲಂನಲ್ಲಿ ಕೊಳ್ಳಬೇಕಾದ ಸರಕು. ಏಲಂ ಕೂಗುವಾಗ ಕೈಯಲ್ಲಿ ನಗದು ಬೇಕು, ಇಲ್ಲವೇ ನಂಬಿ ಕೊಡುವವರು ಬೇಕು. ನಗದಿಗೆ ಚೀಟಿ, ಚೀಟಿ ಸಾಲದಿದ್ದರೆ ಚಿನ್ನದ ಅಡವು. ಬೆಳಗಿನ ಜಾವದ ದೋಣಿಗೆ ಹೊರಡಬೇಕಾದರೆ ಮಕ್ಕಳನ್ನು ಎಬ್ಬಿಸಿ ಗಂಜಿ ಕೊಟ್ಟು ಶಾಲೆಗೆ ಕಳಿಸುವವರು ಮನೆಯಲ್ಲಿ ಯಾರು? ಅಜ್ಜಿ, ಇಲ್ಲವೇ ಹಿರಿಯ ಮಗಳು. ಹಿರಿಯ ಮಗಳಾದರೆ ಅವಳ ಓದು? ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು 33 ಕಡೆ ಶುರುಮಾಡಿ, ಮುಂದೆ ಅಂಗನವಾಡಿಗಳನ್ನು ದೇಶದ ತುಂಬ ಹರಡಿದಾಗ ಉತ್ತರ ಹುಡುಕಿದ್ದು ಇಂಥ ಪ್ರಶ್ನೆಗಳಿಗೇ. ಗೃಹವಿಜ್ಞಾನ ಓದಿದವರಿಗೆ ಮೇಲ್ವಿಚಾರಕಿಯರಾಗಿ, ಯೋಜನಾಧಿಕಾರಿಗಳಾಗಿ ಕೆಲಸದ ಬಾಗಿಲು ತೆರೆದದ್ದೂ ಅಲ್ಲಿಂದಲೇ. ಆದರೂ ಅಂಗನವಾಡಿ ತೆರೆಯುವ ಹೊತ್ತು ಕಚೇರಿಯ ಗಡಿಯಾರದ್ದು, ದಕ್ಕೆಯ ಗಡಿಯಾರದ್ದಲ್ಲ.

ಇನ್ನು ಮಳೆಗಾಲದ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್. ಶಾಲೆ ತೆರೆಯುವುದೂ ಆಗಲೇ, ಛತ್ರಿ, ಪುಸ್ತಕ, ಸೂರಿಗೆ ಹೊದಿಕೆ ಎಲ್ಲವೂ ಆಗಲೇ. ಮೀನುಗಾರ ದುಡಿಮೆಯ ತಿಂಗಳುಗಳಲ್ಲಿ ಉಳಿಸಿ ಕಟ್ಟಿದ ಹಣಕ್ಕೆ ಸರ್ಕಾರಗಳು ತಮ್ಮ ಪಾಲು ಸೇರಿಸಿ ಕೊಡುವ ಉಳಿತಾಯ ಮತ್ತು ಪರಿಹಾರ ಯೋಜನೆಯೊಂದು ಇದೆ. ಒಳ್ಳೆಯದೇ. ಆದರೆ ತಿಂಗಳ ಸಂಬಳಕ್ಕೆ ಹೊಂದುವಂತೆ ಬರೆದ ಮನೆಖರ್ಚಿನ ಪಾಠ ಇಲ್ಲಿ ಕೈಕೊಡುತ್ತದೆ. ಹತ್ತು ತಿಂಗಳು ದಿನಗೂಲಿಯ ಹಾಗೆ, ಒಂದು ದಿನ ಕೈತುಂಬ ಒಂದು ದಿನ ಡೀಸೆಲಿಗೂ ಸಾಲದಂತೆ ಬರುವ ಹಣವನ್ನು ಹನ್ನೆರಡು ತಿಂಗಳಿಗೆ ಹಂಚುವುದು ಬೇರೆಯೇ ಬಗೆಯ ಗಣಿತ. ಚಿನ್ನ ಇಲ್ಲಿ ಒಡವೆಗಿಂತ ಹೆಚ್ಚಾಗಿ ಬ್ಯಾಂಕು. ಜೂನಿನಲ್ಲಿ ಒಳಗೆ ಹೋಗಿ ದೀಪಾವಳಿಯ ಹೊತ್ತಿಗೆ ಹೊರಗೆ ಬರುತ್ತದೆ, ಬಂದರೆ. ಚಿನ್ನ ಕೊಳ್ಳುವುದು ಅನುತ್ಪಾದಕ ವೆಚ್ಚವೆಂದು ಬರೆದ ಪಠ್ಯವನ್ನು ಒಮ್ಮೆ ಜುಲೈ ತಿಂಗಳಲ್ಲಿ ಬೆಂಗ್ರೆಗೆ ತಂದು ಓದಿಸಬೇಕು.

ಕುಟುಂಬ ಎಂಬ ಮಾತಿಗೂ ಅಷ್ಟೇ. ಪಠ್ಯದ ಕುಟುಂಬದಲ್ಲಿ ತಂದೆ ಯಜಮಾನ. ಮೊಗವೀರರು, ತುಳುನಾಡಿನ ಇತರ ಹಲವು ಸಮುದಾಯಗಳಂತೆ, ಅಳಿಯಸಂತಾನದವರು. ಬಳಿ, ಅಂದರೆ ಕುಲದ ಗುರುತು, ತಾಯಿಯಿಂದ ಬರುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದು, ಆಸ್ತಿ ಪಾಲಾಗುವ ದಾರಿ ತೆರೆದು, ಕೂಡು ಕುಟುಂಬಗಳು ಒಡೆದಿವೆ. ಆದರೂ ಮದುವೆಯಾದ ಮಗಳು ತವರಿನಲ್ಲಿ ಹಕ್ಕಿನಿಂದ ನಿಲ್ಲುವ, ಸೋದರಮಾವನ ಮಾತಿಗೆ ತೂಕವಿರುವ ಮನೆಗಳು ಈಗಲೂ ಇವೆ. ಗಿರಿಜಾಬಾಯಿಯವರ ಕಷ್ಟ ಅದೇ ಊರಿನ ಹೊಳೆಯಾಚೆಯ ಮೀನುಗಾರರ ಮನೆಯಲ್ಲಿ ಅದೇ ರೂಪದಲ್ಲಿ ಬರುತ್ತಿರಲಿಲ್ಲ ಎಂಬುದು ಯೋಚಿಸಬೇಕಾದ ಮಾತು. ಇತ್ತ ಬ್ಯಾರಿ ಮನೆಗಳ ರೀತಿನೀತಿ ಇನ್ನೊಂದು ಬಗೆಯದು. ಒಂದೇ ಮರಳ ಪಟ್ಟಿಯಲ್ಲಿ ಎರಡು ಮೂರು ಬಗೆಯ ಕುಟುಂಬಗಳು ಒಂದೇ ದೋಣಿಯಲ್ಲಿ ಪೇಟೆಗೆ ಹೋಗಿಬರುತ್ತವೆ. ಮಾನವ ಅಭಿವೃದ್ಧಿ ವಿಭಾಗದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಯೋಗಾಲಯ ಬೇಕೇ?

ಊಟದ ಬಗ್ಗೆ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ; ಅದರ ಬಗ್ಗೆ ಉಳಿದವರು ಬೇಕಾದಷ್ಟು ಬರೆದಿದ್ದಾರೆ. ಕುಚ್ಚಲಕ್ಕಿಯ ಗಂಜಿ, ಬೂತಾಯಿ ಸಾರು. ಭತ್ತವನ್ನು ಕುಚ್ಚಿದಾಗ ಮೇಲಿನ ಪದರದ ಥಯಾಮಿನ್ ಕಾಳಿನೊಳಕ್ಕೆ ಇಳಿದು, ಅಕ್ಕಿ ಮಾಡಿದ ಮೇಲೂ ಬಹುಪಾಲು ಉಳಿಯುತ್ತದೆ. ಜಾವಾದಲ್ಲಿ ಐಕ್ಮನ್, ಥಯಾಮಿನ್ ಸಾಲದೆ ಬರುವ ಬೆರಿಬೆರಿ ಕಾಯಿಲೆಯ ಜಾಡು ಹಿಡಿದದ್ದು, ಕೂನೂರಿನ ಪ್ರಯೋಗಾಲಯದಲ್ಲಿ ಮೆಕ್ಯಾರಿಸನ್, ಐಕ್ರಾಯ್ಡ್ ಭಾರತದ ಊಟಗಳನ್ನು ತೂಗಿ ನೋಡಿದ್ದು ಇಂಥ ಸಂಗತಿಗಳ ಬೆನ್ನು ಹತ್ತಿಯೇ. ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಆ ಸಂಸ್ಥೆಯ ಆಹಾರ ಕೋಷ್ಟಕ ಗೃಹವಿಜ್ಞಾನ ವಿದ್ಯಾರ್ಥಿಯ ಚೀಲದಲ್ಲಿ ಪಂಚಾಂಗದಂತೆ ಇರುತ್ತದೆ. 2017ರ ಆವೃತ್ತಿಯಲ್ಲಿ 528 ಆಹಾರಗಳಿವೆ. ಬೂತಾಯಿಯನ್ನು ಮುಳ್ಳು ಸಮೇತ ಅಗಿದು ತಿಂದರೆ ಸುಣ್ಣದಂಶ, ಹೇಗೆ ತಿಂದರೂ ಒಳ್ಳೆಯ ಎಣ್ಣೆ. ಬೆಲೆ ಕಡಿಮೆ ಇದ್ದಾಗ ಇಡೀ ಮಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ಊಟ ಇಲ್ಲ. ಬೆಲೆ ಏರಿದ ವರ್ಷ ಮೀನು ಹಿಡಿದವರ ಮನೆಯಿಂದಲೇ ಅದು ಮಾರಾಟಕ್ಕೆ ಹೋಗುತ್ತದೆ, ಮನೆಗೆ ಉಳಿಯುವುದಿಲ್ಲ.

ಗೃಹವಿಜ್ಞಾನದ ಗ್ರಾಹಕ ಎಂಬ ಭಾಗವನ್ನು ನಮ್ಮ ಕರಾವಳಿ ವಿಶ್ವವಿದ್ಯಾಲಯದ ಹೊರಗೇ ಕಲಿತಿದೆ. ರವೀಂದ್ರನಾಥ ಶಾನುಭಾಗ್ ಅವರು ಮುನ್ನಡೆಸಿದ ಬಸ್ರೂರಿನ ಬಳಕೆದಾರರ ವೇದಿಕೆಯ ಹೆಸರು ಕೇಳದವರು ಈ ಕಡೆ ಕಡಿಮೆ. ತೂಕ, ಬೆಲೆ, ರಸೀದಿ ಕೇಳುವ ಧೈರ್ಯ ಹಳ್ಳಿಯ ಅಂಗಡಿಯ ತನಕ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಮೀನಿಗೆ ರಸೀದಿ ಇಲ್ಲ. ಬುಟ್ಟಿಯ ಲೆಕ್ಕ, ರಾಶಿಯ ಲೆಕ್ಕ, ಕಣ್ಣಳತೆ. ಮಾರುವವಳೂ ಏಲಂನಲ್ಲಿ ಗ್ರಾಹಕಿಯೇ. ಈ ಇಬ್ಬಗೆಯ ಸ್ಥಾನಕ್ಕೆ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದರ ಜಾಗಕ್ಕೆ ಬಂದ 2019ರ ಕಾಯ್ದೆಯಲ್ಲೂ ಜಾಗ ಹುಡುಕುವುದು ಕಷ್ಟ, ಏಕೆಂದರೆ ಮತ್ತೆ ಮಾರಲು ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಒಪ್ಪುವುದಿಲ್ಲ.

ಮನೆಯ ಪಾಠ ಧಾರವಾಡಕ್ಕೆ ಹೋಯಿತೆಂದು ಮಂಗಳೂರು ಪೇಟೆ ಸುಮ್ಮನಿರಲಿಲ್ಲ. ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಸೈಂಟ್ ಆಗ್ನೆಸ್ 1921ರಿಂದ ಹುಡುಗಿಯರಿಗೆ ಪದವಿಯ ದಾರಿ ತೆರೆದಿತ್ತು. 1960ರಲ್ಲಿ ಶುರುವಾದ ರೋಶನಿ ನಿಲಯದ ಸಮಾಜಕಾರ್ಯ ಕಾಲೇಜು, ಒಲಿಂಡಾ ಪಿರೇರಾ ಅವರಂಥವರ ನೇತೃತ್ವದಲ್ಲಿ, ಕುಟುಂಬದ ಕಷ್ಟಗಳನ್ನು ಓದುವ ಇನ್ನೊಂದು ಬಗೆಯನ್ನು ತೋರಿಸಿತು. ಸಮಾಜಕಾರ್ಯದ ವಿದ್ಯಾರ್ಥಿಗಳು ವಾರದ ಕೆಲವು ದಿನ ತರಗತಿ ಬಿಟ್ಟು ಕ್ಷೇತ್ರಕ್ಕೆ ಹೋಗಲೇಬೇಕು. ಗೃಹವಿಜ್ಞಾನ ಮನೆಯ ವಸ್ತುಗಳಿಂದ ಶುರುಮಾಡಿ ಮನುಷ್ಯರ ಕಡೆಗೆ ಬಂದರೆ, ಸಮಾಜಕಾರ್ಯ ಮನುಷ್ಯರಿಂದ ಶುರುಮಾಡಿತು. ಬಾವಿಯ ಉಪ್ಪು ಮಾತ್ರ ಎರಡರ ಪಠ್ಯದ ನಡುವೆ ಎಲ್ಲೋ ಉಳಿಯಿತು.

1986ರ ಅಕ್ಟೋಬರ್ 1ರಂದು ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯವಾಯಿತು. ಗೃಹವಿಜ್ಞಾನ ಕಾಲೇಜು ಅದರ ಪಾಲಿಗೆ ಹೋಯಿತು, ಮೀನುಗಾರಿಕೆ ಕಾಲೇಜು ಹೆಬ್ಬಾಳದಲ್ಲೇ ಉಳಿಯಿತು. ಆಡಳಿತಕ್ಕೆ ಅನುಕೂಲವಾದ ವಿಂಗಡಣೆ. ಆದರೆ 1974ರಿಂದ 1986ರವರೆಗಿನ ಹನ್ನೆರಡು ವರ್ಷ ಮೀನು, ಮನೆ ಎರಡೂ ಒಬ್ಬರೇ ಕುಲಪತಿಯ ಸಹಿಯಡಿ ಇದ್ದವು, ಅದೇ ವರ್ಷಗಳಲ್ಲಿ ರಂಪಣಿ ಹೋಗಿ ಪರ್ಸಿನ್ ಬಂತು ಎಂಬುದನ್ನು ನೆನೆದರೆ ಆ ಕಾಲ ಕೈತಪ್ಪಿದ ಅವಕಾಶವೆಂದೇ ನನಗನ್ನಿಸುತ್ತದೆ. ಕರಾವಳಿಯ ಮನೆಗಳು ಅಷ್ಟು ದೊಡ್ಡದಾಗಿ ಬದಲಾದ ಕಾಲ ಅದಕ್ಕೆ ಮುಂಚೆ ಬಂದಿರಲಿಲ್ಲ. ಮುಂದೆ ಮಂಗಳೂರಿನ ಕಾಲೇಜು ಬೀದರಿನಲ್ಲಿ ಕೇಂದ್ರವಿರುವ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿತು. ಬೆಂಗ್ರೆಯ ಮೀನಿಗೆ ಬೀದರು, ಬೆಂಗ್ರೆಯ ಮನೆಗೆ ಧಾರವಾಡ. ನಕ್ಷೆ ಬಿಡಿಸಿದವರು ಯಾರೋ, ಕಡಲು ನೋಡಿದವರಲ್ಲ.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿಯ ಶಿಫಾರಸಿನ ಮೇಲೆ ಕೃಷಿ ವಿಶ್ವವಿದ್ಯಾಲಯಗಳ ಗೃಹವಿಜ್ಞಾನ ಪದವಿ ಈಗ ಸಮುದಾಯ ವಿಜ್ಞಾನ ಪದವಿಯಾಗಿದೆ. ಧಾರವಾಡದ ಕಾಲೇಜಿನ ಫಲಕವೂ ಹಾಗೇ ಬದಲಾಗಿದೆ. ಗಂಡುಮಕ್ಕಳು ಬರಲು ಇದ್ದ ಮುಜುಗರ ಇದರಿಂದ ಕಡಿಮೆಯಾಗಲಿ ಎಂಬ ಆಸೆಯೂ ಹಲವರಿಗೆ ಇದೆ.

ಇಷ್ಟರ ನಡುವೆ ಮೀನು, ಮನೆ ಎರಡೂ ಮತ್ತೆ ಒಂದೇ ಆವರಣದಲ್ಲಿ ಭೇಟಿಯಾಗಬಹುದಾದ ಜಾಗ ಒಂದಿದೆ. ಅದು ಕಂಕನಾಡಿಯ ಮೀನುಗಾರಿಕೆ ಕಾಲೇಜಿನ ನೆರೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಇಂಥ ಕೇಂದ್ರಗಳಲ್ಲಿ ಬೆಳೆ, ಮಣ್ಣು, ಪಶು, ಮೀನುಗಳ ತಜ್ಞರ ಜೊತೆ ಗೃಹವಿಜ್ಞಾನದ ಹುದ್ದೆಗೂ ಅವಕಾಶವಿದೆ. ದಕ್ಕೆಯಿಂದ ಅಲ್ಲಿಗೆ ಒಂದು ಸಿಟಿ ಬಸ್ಸಿನ ದೂರ.

ಈ ಸಂಚಿಕೆ ತರುತ್ತಿರುವ ಊರಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಧಾರವಾಡದ ಕಾಲೇಜಿಗೆ ಪತ್ರ ಬರೆಯಿರಿ. ಕೊನೆಯ ವರ್ಷದ ಹಳ್ಳಿವಾಸಕ್ಕೆ ವಿದ್ಯಾರ್ಥಿಗಳನ್ನು ಒಂದು ಸಲ ಬೆಂಗ್ರೆಗೆ ಕಳಿಸಲಿ, ಮೀನುಗಾರಿಕೆ ಕಾಲೇಜಿನವರು ಅವರ ಜೊತೆ ಇರಲಿ. ಉಳಿಯಲು ಮನೆಗಳಿವೆ. ಬಾವಿಯ ಉಪ್ಪನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಕೆಲಸವನ್ನು ಶಾಲೆಯ ಮಕ್ಕಳೇ ಮಾಡಬಲ್ಲರು, ಅವರಿಗೆ ಕಲಿಸುವವರು ಬೇಕು. ಮನೆಖರ್ಚಿನ ಲೆಕ್ಕ ಬರೆಯಲು ಹೆಂಗಸರು ಒಪ್ಪುತ್ತಾರೆ, ಆದರೆ ಮೊದಲ ವಾರದಲ್ಲೇ ಚಿನ್ನದ ಅಡವಿನ ಬಗ್ಗೆ ಕೇಳಬಾರದು. ಬರುವುದಾದರೆ ಜೂನ್, ಜುಲೈ ತಿಂಗಳಲ್ಲಿ ಬರಲಿ. ಅಳಿವೆಯ ಕಡೆಯಿಂದ ಗಾಳಿ ಜೋರು, ದೋಣಿ ಕೆಲವೊಮ್ಮೆ ನಿಲ್ಲುತ್ತದೆ, ಆಗ ತಣ್ಣೀರುಬಾವಿಯ ದಾರಿಯಲ್ಲಿ ಸುತ್ತಿ ಬರಬೇಕಾಗುತ್ತದೆ.